ತಿರುವಿನಲ್ಲಿ ಮಾತ್ರ ಬೈಕ್ ಚಕ್ರದಿಂದ ಶಬ್ದ ಬರುತ್ತಿದೆಯಾ? ಮೂಲ ಹುಡುಕುವುದು ಹೀಗೆ

ಜೋರು ಮಳೆ ಬಂದು ಹೋದ ಮೇಲೆ ಬೆಂಗಳೂರಿನ ಗ್ಯಾರೇಜುಗಳಲ್ಲಿ ಒಂದು ದೂರು ಜಾಸ್ತಿ ಕೇಳಿಸುತ್ತದೆ. "ನೇರ ಹೋಗುವಾಗ ಏನೂ ಇಲ್ಲ ಅಣ್ಣ, ಟರ್ನಿಂಗಲ್ಲಿ ಮಾತ್ರ ಚಕ್ರದ ಹತ್ರ ಗೊರ್ ಅಂತಿದೆ." ಹೆಬ್ಬಾಳ ಫ್ಲೈಓವರ್‌ನ ಲೂಪ್ ಇಳಿಯುವಾಗಲೋ, ನೈಸ್ ರಸ್ತೆಯಿಂದ ಹೊರಬರುವ ಸುತ್ತಿನಲ್ಲೋ, ನಂದಿ ಬೆಟ್ಟದ ತಿರುವುಗಳಲ್ಲೋ ಶಬ್ದ ಶುರುವಾಗುತ್ತದೆ. ಗಾಡಿ ನೆಟ್ಟಗಾದ ತಕ್ಷಣ ನಿಂತುಬಿಡುತ್ತದೆ. ಗ್ಯಾರೇಜ್ ಮುಂದೆ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿದರೆ ಸದ್ದೇ ಇಲ್ಲ.

ಇಂಥ ಶಬ್ದ ಕೇಳಿಯೂ ಕೆಲವರು ಸುಮ್ನೆ ಓಡಿಸುತ್ತಾರೆ. ಇನ್ನು ಕೆಲವರು ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ಹೋಗುತ್ತಾರೆ. ಮೊದಲು ಬ್ರೇಕ್ ಪ್ಯಾಡ್, ಆಮೇಲೆ ಚೈನ್ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ), ಆಮೇಲೆ ಟಯರ್. ದುಡ್ಡು ಖರ್ಚಾಗುತ್ತದೆ, ಶಬ್ದ ಹಾಗೇ ಉಳಿಯುತ್ತದೆ.

ಮೂಲ ಹುಡುಕಲು ಇದಕ್ಕಿಂತ ಸರಿಯಾದ ದಾರಿ ಇದೆ. ಶಬ್ದ ಹೇಗಿದೆ ಅನ್ನುವುದಕ್ಕಿಂತ, ಏನು ಮಾಡಿದರೆ ಅದು ಬದಲಾಗುತ್ತದೆ ಅನ್ನುವುದನ್ನು ಗಮನಿಸಬೇಕು. ಒಬ್ಬರ ಕಿವಿಗೆ 'ಗೊರ್' ಅನ್ನಿಸಿದ್ದು ಇನ್ನೊಬ್ಬರಿಗೆ 'ಗುಂಯ್' ಅನ್ನಿಸಬಹುದು. ಆದರೆ ಬ್ರೇಕ್ ಮುಟ್ಟಿದಾಗ ಶಬ್ದ ನಿಂತಿತಾ ಇಲ್ಲವಾ ಅಂತ ಕೇಳಿದರೆ ಇಬ್ಬರೂ ಒಂದೇ ಉತ್ತರ ಕೊಡುತ್ತಾರೆ. ಈ ಲೇಖನದಲ್ಲಿರುವ ಪರೀಕ್ಷೆಗಳೆಲ್ಲ ಇದೇ ಆಧಾರದ ಮೇಲೆ ನಿಂತಿವೆ. ಒಂದು ಸಲಕ್ಕೆ ಒಂದೇ ವಿಷಯ ಬದಲಾಯಿಸಿ, ಆಮೇಲೆ ಕೇಳಿ.

ಚಕ್ರದ ನಡುವೆ ಏನಿದೆ?

ಚಕ್ರದ ನಟ್ಟನಡುವಿನ ದಪ್ಪ ಭಾಗ ಹಬ್. ಅದರೊಳಗಿಂದ ಹಾದುಹೋಗುವ ಉಕ್ಕಿನ ಸರಳು ಆಕ್ಸಲ್. ಆಕ್ಸಲ್ ತಿರುಗುವುದಿಲ್ಲ. ಮುಂದಿನದು ಫೋರ್ಕಿಗೆ, ಹಿಂದಿನದು ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಅನ್ನುವ ತೋಳಿಗೆ ಬಿಗಿಯಾಗಿ ಕೂತಿರುತ್ತದೆ. ಹಬ್ ಮಾತ್ರ ಅದರ ಸುತ್ತ ತಿರುಗಬೇಕು. ನಿಂತ ಆಕ್ಸಲ್‌ಗೂ ತಿರುಗುವ ಹಬ್‌ಗೂ ನಡುವೆ ಕೂತಿರುವುದೇ ಬೇರಿಂಗ್.

ಬೇರಿಂಗ್‌ನಲ್ಲಿ ಒಂದರೊಳಗೊಂದು ಇರುವ ಎರಡು ಉಕ್ಕಿನ ಬಳೆಗಳಿರುತ್ತವೆ. ಅವುಗಳ ನಡುವಿನ ತೋಡಿನಲ್ಲಿ ಉಕ್ಕಿನ ಬಾಲ್‌ಗಳು ಉರುಳುತ್ತವೆ. ಬಾಲ್‌ಗಳು ಒಂದಕ್ಕೊಂದು ತಾಗದಂತೆ ಒಂದು ಪಂಜರ, ಸವೆಯದಂತೆ ಗ್ರೀಸು, ದೂಳು ನೀರು ಒಳಗೆ ಬರದಂತೆ ಎರಡೂ ಬದಿ ರಬ್ಬರ್ ಸೀಲು. ಇಷ್ಟೇ. ಮೇಲೆ ನಂಬರ್ ಕೆತ್ತಿರುತ್ತದೆ. 6301 ಅಂದರೆ ಒಳಗಿನ ತೂತು 12 ಮಿಲಿಮೀಟರ್, ಹೊರಗಿನ ಅಳತೆ 37, ದಪ್ಪ 12. 6202 ಆದರೆ 15, 35 ಮತ್ತು 11. ಅಂಗೈಯೊಳಗೆ ಹಿಡಿಸುವ ಈ ಪುಟ್ಟ ವಸ್ತುವಿನ ಮೇಲೆ ಗಾಡಿ, ಸವಾರ, ಹಿಂದೆ ಕೂತವರು ಎಲ್ಲರ ಭಾರ ಬೀಳುತ್ತದೆ.

ಮುಂದಿನ ಚಕ್ರದಲ್ಲಿ ಸಾಮಾನ್ಯವಾಗಿ ಎರಡು ಬೇರಿಂಗ್. ಹಬ್‌ನ ಎಡಕ್ಕೊಂದು, ಬಲಕ್ಕೊಂದು. ಚೈನ್ ಇರುವ ಬೈಕುಗಳ ಹಿಂದಿನ ಚಕ್ರದಲ್ಲಿ ಅನೇಕ ಸಲ ಮೂರನೆಯದೂ ಇರುತ್ತದೆ. ಅದು ದೊಡ್ಡ ಸ್ಪ್ರಾಕೆಟ್ ಕೂತಿರುವ ಡ್ರಮ್‌ನ ಒಳಗಡೆ. ಹಬ್‌ನ ಎರಡು ಬೇರಿಂಗ್‌ಗಳ ನಡುವೆ ಒಂದು ಕೊಳವೆ ಇರುತ್ತದೆ, ಸ್ಪೇಸರ್ ಅಂತ ಅದರ ಹೆಸರು. ಆಕ್ಸಲ್ ನಟ್ ಬಿಗಿ ಮಾಡಿದಾಗ ಬೇರಿಂಗ್‌ಗಳು ಪಕ್ಕದಿಂದ ಹಿಂಡಿಹೋಗದಂತೆ ಕಾಯುವುದು ಅದರ ಕೆಲಸ. ಈ ಕೊಳವೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಸ್ಕೂಟರ್‌ನಲ್ಲಿ ಲೆಕ್ಕ ಬೇರೆ. ಹೆಚ್ಚಿನ ಪೆಟ್ರೋಲ್ ಸ್ಕೂಟರ್‌ಗಳ ಹಿಂದಿನ ಚಕ್ರ ಗೇರ್‌ಬಾಕ್ಸ್‌ನಿಂದ ಹೊರಬರುವ ಶಾಫ್ಟ್‌ಗೇ ನೇರವಾಗಿ ಕೂತಿರುತ್ತದೆ. ಅಲ್ಲಿ ಬೇರಿಂಗ್ ಗೇರ್ ಆಯಿಲ್ ಇರುವ ಪೆಟ್ಟಿಗೆಯ ಒಳಗಿರುತ್ತದೆ. ಹಾಗಾಗಿ ಸ್ಕೂಟರ್‌ನ ಹಿಂಬದಿಯಿಂದ ಗೊರಗೊರ ಬಂದರೆ ಮೊದಲು ಗೇರ್ ಆಯಿಲ್ ಎಷ್ಟಿದೆ, ಹೇಗಿದೆ ಅಂತ ನೋಡಿಸಿ.

ಗಾಡಿ ವಾಲಿದಾಗ ಏನಾಗುತ್ತದೆ?

ಬೈಕು ನೆಟ್ಟಗೆ ಹೋಗುವಾಗ ಟಯರ್‌ನ ನಡುಭಾಗ ರಸ್ತೆಗೆ ತಾಗಿರುತ್ತದೆ. ಭಾರ ಚಕ್ರದ ಸರಿಯಾದ ಮಧ್ಯದಲ್ಲಿ ಬೀಳುತ್ತದೆ, ಎರಡೂ ಬೇರಿಂಗ್‌ಗಳು ಹೆಚ್ಚುಕಡಿಮೆ ಸಮವಾಗಿ ಹೊರುತ್ತವೆ. ಎಡಕ್ಕೆ ವಾಲಿಸಿದ ಕೂಡಲೇ ರಸ್ತೆ ತಾಗುವ ಜಾಗ ಟಯರ್‌ನ ಎಡ ಅಂಚಿನ ಕಡೆ ಜಾರುತ್ತದೆ. ಒಂದು ಬೊಂಬಿನ ನಡುವೆ ಅಕ್ಕಿ ಮೂಟೆ ಕಟ್ಟಿ ಇಬ್ಬರು ಹೆಗಲ ಮೇಲೆ ಹೊತ್ತಿದ್ದಾರೆ ಅಂದುಕೊಳ್ಳಿ. ಮೂಟೆ ಒಬ್ಬನ ಕಡೆ ಸ್ವಲ್ಪ ಜಾರಿದರೆ ಅವನಿಗೆ ಭಾರ ಜಾಸ್ತಿ, ಇನ್ನೊಬ್ಬನಿಗೆ ಕಡಿಮೆ. ಎಡಕ್ಕೆ ವಾಲಿದಾಗ ಎಡದ ಬೇರಿಂಗ್‌ಗೆ, ಬಲಕ್ಕೆ ವಾಲಿದಾಗ ಬಲದ್ದಕ್ಕೆ ಆಗುವುದು ಇದೇ.

ಜೊತೆಗೆ ಒಟ್ಟು ಭಾರವೂ ಏರುತ್ತದೆ. ತಿರುವಿನಲ್ಲಿ ಗಾಡಿ ಹೊರಕ್ಕೆ ತಳ್ಳಿದಂತಾಗುತ್ತದೆ ಅಲ್ವಾ, ಆ ಬಲವೂ ಚಕ್ರದ ಮೇಲೆಯೇ ಬೀಳುತ್ತದೆ. 30 ಡಿಗ್ರಿ ವಾಲಿಸಿದರೆ ಚಕ್ರ ಹೊರುವ ಹೊರೆ ಸುಮಾರು ಶೇ 15ರಷ್ಟು ಹೆಚ್ಚು. 45 ಡಿಗ್ರಿ ಆದರೆ ಸುಮಾರು ಶೇ 41. ಊರೊಳಗೆ ಯಾರೂ 45 ಡಿಗ್ರಿ ವಾಲಿಸುವುದಿಲ್ಲ. ಆದರೆ ಸವೆದ ಬೇರಿಂಗ್‌ಗೆ ಸ್ವಲ್ಪ ಹೊರೆ ಏರಿದರೂ ಸಾಕು. ನೇರ ರಸ್ತೆಯಲ್ಲಿ ಸುಮ್ಮನಿದ್ದದ್ದು ತಿರುವಿನಲ್ಲಿ ಗೊಣಗಲು ಶುರುಮಾಡುತ್ತದೆ. ಗ್ಯಾರೇಜಿನಲ್ಲಿ ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಅದರ ಮೇಲೆ ಭಾರವೇ ಇರುವುದಿಲ್ಲ. ಸ್ಟ್ಯಾಂಡ್ ಮೇಲೆ ಶಬ್ದ ಕೇಳಿಸದೆ ಇರುವುದಕ್ಕೆ ಇದೇ ಕಾರಣ.

ವಾಲಿದಾಗ ಬದಲಾಗುವುದು ಬೇರಿಂಗ್ ಒಂದೇ ಅಲ್ಲ. ಶಾಕಬ್ಸರ್ ಕುಗ್ಗುತ್ತದೆ, ಅದರಿಂದ ಚೈನ್‌ನ ಸಡಿಲ ಬದಲಾಗುತ್ತದೆ, ಟಯರ್‌ಗೂ ಮಡ್‌ಗಾರ್ಡ್‌ಗೂ ನಡುವಿನ ಜಾಗ ಕಡಿಮೆಯಾಗುತ್ತದೆ. ಟಯರ್ ಅಂಚಿನ ಗುಬುಟುಗಳು ರಸ್ತೆಗೆ ಬರುತ್ತವೆ. ತಿರುವಿಗೆ ಮುಂಚೆ ನಾವು ಆಕ್ಸಿಲರೇಟರ್ ಬಿಡುತ್ತೇವೆ, ತಿರುವು ದಾಟುತ್ತಾ ಮತ್ತೆ ತಿರುಗಿಸುತ್ತೇವೆ. ಚೈನ್ ಒಮ್ಮೆ ಸಡಿಲವಾಗಿ ಒಮ್ಮೆ ಬಿಗಿಯಾಗುತ್ತದೆ. 'ತಿರುವಿನಲ್ಲಿ ಶಬ್ದ' ಅಂತ ನಾವು ಹೇಳುವಾಗ ಅದರಲ್ಲಿ ಇಷ್ಟೆಲ್ಲ ಸೇರಿರುತ್ತದೆ. ಪರೀಕ್ಷೆ ಮಾಡುವಾಗ ಇವನ್ನು ಒಂದೊಂದಾಗಿ ಬಿಡಿಸಬೇಕು.

ಒಂದು ಎಚ್ಚರಿಕೆ. ಕಾರಿನ ವಿಡಿಯೊಗಳಲ್ಲಿ 'ಎಡಕ್ಕೆ ತಿರುಗಿದಾಗ ಶಬ್ದ ಬಂದರೆ ಬಲಗಡೆಯ ಬೇರಿಂಗ್ ಹೋಗಿದೆ' ಅಂತ ಹೇಳುತ್ತಾರೆ. ಕಾರಿಗೆ ಅದು ಸರಿ. ಕಾರು ತಿರುವಿನಲ್ಲಿ ಹೊರಗಿನ ಚಕ್ರದ ಮೇಲೆ ಭಾರ ಹಾಕುತ್ತದೆ. ಬೈಕು ಒಳಕ್ಕೆ ವಾಲುತ್ತದೆ, ಹಾಗಾಗಿ ಒಳಬದಿಯ ಬೇರಿಂಗ್‌ಗೆ ಹೊರೆ ಜಾಸ್ತಿ. ಕಾರಿನ ಸೂತ್ರ ಬೈಕಿಗೆ ಹಾಕಬೇಡಿ. ಬೈಕಿನಲ್ಲೂ ಯಾವ ಬದಿ ಅನ್ನುವುದು ಬರೀ ಸುಳಿವು. ಸವೆದು ಅಲ್ಲಾಡುವ ಬೇರಿಂಗ್ ಎರಡೂ ಕಡೆ ಸದ್ದು ಮಾಡಬಹುದು.

ಮಳೆ ಆದ ಮೇಲೆ ಯಾಕೆ?

2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆ, ಬೆಳ್ಳಂದೂರು ಸುತ್ತ ನೀರು ನಿಂತಿದ್ದು ಎಲ್ಲರಿಗೂ ನೆನಪಿದೆ. ಅಷ್ಟು ದೊಡ್ಡ ಮಳೆಯೇ ಬೇಕಿಲ್ಲ. ಅಂಡರ್‌ಪಾಸಿನಲ್ಲಿ ಆಕ್ಸಲ್ ಮಟ್ಟಕ್ಕೆ ನೀರು ನಿಂತಿದ್ದರೆ ಸಾಕು. ಓಡಿ ಬಂದ ಹಬ್ ಬಿಸಿಯಾಗಿರುತ್ತದೆ, ಅದರೊಳಗಿನ ಗಾಳಿಯೂ ಬಿಸಿ. ತಣ್ಣನೆ ನೀರಿಗೆ ಇಳಿದಾಗ ಆ ಗಾಳಿ ಕುಗ್ಗುತ್ತದೆ, ಹೊರಗಿನ ನೀರನ್ನು ಸೀಲ್ ಸಂದಿಯಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಬೇರಿಂಗ್ ಸೀಲ್ ಇರುವುದು ದೂಳು ತಡೆಯಲು, ಚಿಮ್ಮುವ ನೀರು ತಡೆಯಲು. ಮುಳುಗಿಸಿದರೆ ತಡೆಯುವ ಶಕ್ತಿ ಅದಕ್ಕಿಲ್ಲ.

ಒಳಗೆ ಹೋದ ನೀರು ಗ್ರೀಸಿನ ಜೊತೆ ಕಲೆತು ಅದನ್ನು ಬೆಳ್ಳಗೆ ತೆಳ್ಳಗೆ ಮಾಡುತ್ತದೆ. ಬಾಲ್ ಉರುಳುವ ದಾರಿಯಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ. ಆ ಚುಕ್ಕೆಯ ಮೇಲೆ ಬಾಲ್ ಹಾದಾಗಲೆಲ್ಲ ಸಣ್ಣ ಪೆಟ್ಟು ಬೀಳುತ್ತದೆ. ಸೆಕೆಂಡಿಗೆ ಹತ್ತಾರು ಪೆಟ್ಟು ಸೇರಿದಾಗ ನಮಗೆ ಗೊರ್ ಅಂತ ಕೇಳುತ್ತದೆ. ಹಾಗಾಗಿ ನೀರಿನಲ್ಲಿ ಓಡಿಸಿದ ದಿನವೇ ಶಬ್ದ ಬರಬೇಕು ಅಂತಿಲ್ಲ. ವಾರಗಳು ಕಳೆದು ಬರುವುದೇ ಹೆಚ್ಚು.

ವಾಟರ್ ವಾಶ್ ಮಾಡಿಸುವಾಗ ಪೈಪನ್ನು ಹಬ್‌ಗೆ ಹತ್ತಿರ ಹಿಡಿದು ಜೋರಾಗಿ ನೀರು ಬಿಟ್ಟರೂ ಇದೇ ಫಲ. ತೊಳೆಯುವವರಿಗೆ ಮೊದಲೇ ಹೇಳಿ: "ಅಣ್ಣ, ಚಕ್ರದ ನಡುವೆ ಪ್ರೆಶರ್ ಬೇಡ."

ಗುಂಡಿಗಳ ಪಾಲೂ ಇದೆ. ಗುಂಡಿಗೆ ಚಕ್ರ ಬಿದ್ದಾಗ ಆ ಪೆಟ್ಟು ಬಾಲ್‌ಗಳ ಮೂಲಕವೇ ಹಾದುಹೋಗುತ್ತದೆ. ಜೋರು ಪೆಟ್ಟಾದರೆ ಬಾಲ್ ಕೂತಿದ್ದ ಜಾಗದಲ್ಲಿ ಕಾಣದಷ್ಟು ಸಣ್ಣ ತಗ್ಗು ಬೀಳಬಹುದು.

ರಸ್ತೆಯಲ್ಲಿ ಮಾಡುವ ಪರೀಕ್ಷೆ

ಟ್ರಾಫಿಕ್ ಇಲ್ಲದ ಜಾಗ ಬೇಕು. ಭಾನುವಾರ ಬೆಳಗ್ಗೆ ನಿಮ್ಮ ಲೇಔಟಿನ ಖಾಲಿ ರಸ್ತೆ, ದೊಡ್ಡ ಖಾಲಿ ಪಾರ್ಕಿಂಗ್ ಜಾಗ ಸಾಕು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಕಿವಿ ಕೊಟ್ಟು ಕೇಳುವ ಪ್ರಯತ್ನ ಬೇಡ. ಹೊರಡುವ ಮುಂಚೆ ಚಕ್ರ ಕೈಯಲ್ಲಿ ಅಲ್ಲಾಡಿಸಿ ನೋಡಿ. ಸಡಿಲ ಕಂಡರೆ ಈ ಪರೀಕ್ಷೆಯೇ ಬೇಡ, ಗಾಡಿ ತಳ್ಳಿಕೊಂಡು ಗ್ಯಾರೇಜಿಗೆ ಹೋಗಿ. ಟಯರ್‌ಗೆ ಸರಿಯಾದ ಗಾಳಿ ಹಾಕಿಸಿಕೊಂಡೇ ಶುರುಮಾಡಿ. ಎಷ್ಟು ಗಾಳಿ ಅನ್ನುವುದು ಸಾಮಾನ್ಯವಾಗಿ ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕ್ಕರ್‌ನಲ್ಲಿರುತ್ತದೆ. ಹಿಂದೆ ಸ್ನೇಹಿತರೊಬ್ಬರನ್ನು ಕೂರಿಸಿಕೊಂಡರೆ ಅನುಕೂಲ. ಹೆಲ್ಮೆಟ್ ಒಳಗಿನ ಗಾಳಿಯ ಸದ್ದಿನಲ್ಲಿ ಸವಾರನಿಗೆ ಮುಂದೆಯೋ ಹಿಂದೆಯೋ ಗೊತ್ತಾಗುವುದು ಕಷ್ಟ. ಹಿಂದೆ ಕೂತವರು ಹಿಂದಿನ ಚಕ್ರಕ್ಕೆ ಹತ್ತಿರ ಇರುತ್ತಾರೆ, ಕಾಲಿಗೆ ನಡುಕವೂ ತಿಳಿಯುತ್ತದೆ.

ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಎಡಕ್ಕೆ ದೊಡ್ಡ ಸುತ್ತು, ಆಮೇಲೆ ಬಲಕ್ಕೆ ದೊಡ್ಡ ಸುತ್ತು ಹಾಕಿ. ಒಂದೇ ಬದಿಗೆ ಬರುತ್ತಾ, ಎರಡೂ ಬದಿಗೆ ಬರುತ್ತಾ ಅನ್ನುವುದು ಮೊದಲ ಸುಳಿವು.

ಎರಡನೆಯದು, ಶಬ್ದ ಬರುತ್ತಿರುವಾಗಲೇ ಕ್ಲಚ್ ಹಿಡಿಯಿರಿ. ಶಬ್ದ ನಿಂತರೆ ಎಂಜಿನ್ ಕಡೆ, ಇಲ್ಲವೇ ಚೈನ್ ಬಿಗಿಯಾದಾಗ ಮಾತ್ರ ಬರುವ ಶಬ್ದ. ನಿಲ್ಲದಿದ್ದರೆ ಚಕ್ರ, ಟಯರ್, ಬ್ರೇಕ್ ಅಥವಾ ಚೈನ್. ಕ್ಲಚ್ ಹಿಡಿದರೂ ಚಕ್ರದ ಜೊತೆ ಚೈನ್ ತಿರುಗುತ್ತಲೇ ಇರುತ್ತದೆ, ಆದ್ದರಿಂದ ಚೈನನ್ನು ಇಲ್ಲಿಗೇ ಕೈಬಿಡಬೇಡಿ.

ಮೂರನೆಯದು, ನೇರ ಹೋಗುವಾಗಲೂ ಸ್ವಲ್ಪ ಶಬ್ದ ಉಳಿದಿದ್ದರೆ ಮುಂದಿನ ಬ್ರೇಕನ್ನು ಸ್ವಲ್ಪವೇ ಸ್ವಲ್ಪ ಹಿಡಿಯಿರಿ. ಆಮೇಲೆ ಹಿಂದಿನದು. ವಾಲಿರುವಾಗ ಮುಂದಿನ ಬ್ರೇಕ್ ಹಿಡಿಯಲು ಹೋಗಬೇಡಿ, ಚಕ್ರ ಜಾರಬಹುದು. ಬ್ರೇಕ್ ತಾಗಿದ ಕೂಡಲೇ ಶಬ್ದ ನಿಂತರೆ ಅಥವಾ ಸ್ವರ ಬದಲಾದರೆ ಆ ಚಕ್ರದ ಬ್ರೇಕ್ ಮೇಲೆ ಅನುಮಾನ.

ನಾಲ್ಕನೆಯ ಪರೀಕ್ಷೆಗೆ ಬೆಂಗಳೂರೇ ಒಳ್ಳೆಯ ಜಾಗ. ಇಲ್ಲಿ ಡಾಂಬರು ರಸ್ತೆ ಮುಗಿದು ವೈಟ್ ಟಾಪಿಂಗ್ (ಕಾಂಕ್ರೀಟ್) ರಸ್ತೆ ಶುರುವಾಗುವ ಜಾಗಗಳು ಬೇಕಾದಷ್ಟಿವೆ. ಒಂದೇ ವೇಗದಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಿ. ಕಾಂಕ್ರೀಟಿನ ಮೇಲ್ಮೈ ಒರಟು, ಗೆರೆ ಗೆರೆ. ರಸ್ತೆ ಬದಲಾದ ಕೂಡಲೇ ಗುಂಯ್‌ಗುಟ್ಟುವ ಸ್ವರವೂ ಬದಲಾದರೆ ಅದು ಟಯರ್ ಶಬ್ದ. ರಸ್ತೆ ಯಾವುದಾದರೂ ಅದೇ ಸ್ವರ, ವೇಗ ಏರಿದರೆ ಮಾತ್ರ ಏರುತ್ತದೆ ಅಂದರೆ ಬೇರಿಂಗ್ ಕಡೆ ತಿರುಗಿ. ಟಯರ್‌ಗೂ ಬೇರಿಂಗ್‌ಗೂ ವ್ಯತ್ಯಾಸ ತಿಳಿಯಲು ಇದಕ್ಕಿಂತ ಸುಲಭ ಪರೀಕ್ಷೆ ನನಗೆ ಗೊತ್ತಿಲ್ಲ.

ಇನ್ನೊಂದು ಲೆಕ್ಕ ಕೈಗೆ ಬಂದರೆ ಅರ್ಧ ಕೆಲಸ ಮುಗಿದ ಹಾಗೆ. 100/90-17 ಅಳತೆಯ ಟಯರ್ ಒಂದು ಸುತ್ತು ಉರುಳಿದರೆ ಸುಮಾರು 1.9 ಮೀಟರ್ ಸಾಗುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಹತ್ತಿರ ಹತ್ತಿರ ಮೂರು ಸುತ್ತು ತಿರುಗುತ್ತದೆ. 'ಟಕ್ ಟಕ್' ಶಬ್ದ ಈ ಲಯಕ್ಕೆ ಸರಿಯಾಗಿ, ಸೆಕೆಂಡಿಗೆ ಮೂರು ಸಲ ಬಂದರೆ ಸುತ್ತಿಗೊಂದು ಸಲ ತಾಗುವ ವಸ್ತು ಹುಡುಕಿ. ಟಯರ್‌ಗೆ ಚುಚ್ಚಿದ ಮೊಳೆ, ಸಿಕ್ಕಿಕೊಂಡ ಜಲ್ಲಿ, ಬೆಂಡಾದ ಡಿಸ್ಕ್, ಸಡಿಲ ಸ್ಪೋಕ್. ಅದಕ್ಕಿಂತ ನಿಧಾನವಾಗಿ, ಎರಡು ಮೂರು ಸುತ್ತಿಗೊಮ್ಮೆ ಬಂದರೆ ಚೈನ್ ನೋಡಿ. ಚೈನ್ ಒಂದು ಪೂರ್ತಿ ಸುತ್ತು ಬರುವಷ್ಟರಲ್ಲಿ ಹಿಂದಿನ ಚಕ್ರ ಎರಡೂವರೆಯಿಂದ ಮೂರು ಸುತ್ತು ತಿರುಗಿರುತ್ತದೆ. ಗಟ್ಟಿಯಾದ ಒಂದೇ ಕೊಂಡಿ ಇದ್ದರೆ ಶಬ್ದ ಆ ಲಯದಲ್ಲಿ ಬರುತ್ತದೆ. ಎಣಿಸಲು ಆಗದಷ್ಟು ಬೇಗ, ಬಿಡದೆ ಬರುವ ಗೊರ್ ಮಾತ್ರ ಬೇರಿಂಗ್ ಅಥವಾ ಟಯರ್‌ನ ಲಕ್ಷಣ.

ಸ್ಟ್ಯಾಂಡ್ ಮೇಲೆ ನೋಡುವುದು

ಮೇನ್ ಸ್ಟ್ಯಾಂಡ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿಡಿ, ಎಂಜಿನ್ ಆಫ್ ಮಾಡಿ. ಎಂಜಿನ್ ಓಡುತ್ತಿರುವಾಗ ಚೈನ್ ಹತ್ತಿರ ಕೈ ಹಾಕಲೇಬೇಡಿ. ಚೈನ್‌ಗೂ ಸ್ಪ್ರಾಕೆಟ್‌ಗೂ ನಡುವೆ ಬೆರಳು ಸಿಕ್ಕರೆ ಬೆರಳು ಹೋಗುತ್ತದೆ.

ಹಿಂದಿನ ಚಕ್ರದ ಮೇಲ್ಭಾಗ ಒಂದು ಕೈಯಲ್ಲಿ, ಕೆಳಭಾಗ ಇನ್ನೊಂದು ಕೈಯಲ್ಲಿ ಹಿಡಿದು, ಒಂದನ್ನು ನಿಮ್ಮ ಕಡೆ ಎಳೆದು ಇನ್ನೊಂದನ್ನು ತಳ್ಳಿ. ಒಳ್ಳೆಯ ಬೇರಿಂಗ್ ಇದ್ದರೆ ಚಕ್ರ ಒಂದಿಷ್ಟೂ ಕದಲುವುದಿಲ್ಲ. 'ಕಟಕ್' ಅಂತ ಕೈಗೆ ತಿಳಿಯುವಷ್ಟು ಅಲ್ಲಾಡಿದರೆ ಅದು ಆಟ, ಅಂದರೆ ಸಡಿಲ, ಬಂದಿರುವ ಗುರುತು. ಆಮೇಲೆ ಚಕ್ರವನ್ನು ಮುಂದಿನ ಹಿಂದಿನ ಅಂಚುಗಳಲ್ಲಿ ಹಿಡಿದು ಇದನ್ನೇ ಮಾಡಿ. ಚಕ್ರದ ಜೊತೆ ಸ್ವಿಂಗ್ ಆರ್ಮ್ ಕೂಡ ಪಕ್ಕಕ್ಕೆ ಅಲ್ಲಾಡಿದರೆ ದೋಷ ಚಕ್ರದ ಬೇರಿಂಗ್‌ನಲ್ಲಿ ಇಲ್ಲ, ಸ್ವಿಂಗ್ ಆರ್ಮ್‌ನ ಬುಷ್ ಅನ್ನುವ ಸಣ್ಣ ಕೊಳವೆಯಲ್ಲಿದೆ. ಇಬ್ಬರಿದ್ದರೆ ಒಬ್ಬರು ಅಲ್ಲಾಡಿಸಿ, ಇನ್ನೊಬ್ಬರು ಸಂದಿಯ ಮೇಲೆ ಬೆರಳಿಟ್ಟು ನೋಡಬಹುದು. ಕಣ್ಣಿಗೆ ಕಾಣದ ಆಟ ಬೆರಳಿಗೆ ತಿಳಿಯುತ್ತದೆ.

ಮುಂದಿನ ಚಕ್ರಕ್ಕೆ ಯಾರಾದರೂ ಹಿಂದಿನ ಸೀಟನ್ನು ಒತ್ತಿ ಹಿಡಿದರೆ ಮುಂಭಾಗ ಮೇಲೇಳುತ್ತದೆ. ಅಲ್ಲೂ ಹೀಗೇ. ಚಕ್ರ ನಿಧಾನ ತಿರುಗಿಸುತ್ತಾ ಇನ್ನೊಂದು ಕೈಯನ್ನು ಫೋರ್ಕಿನ ತುದಿಯ ಮೇಲಿಡಿ. ಮರಳು ಅರೆದಂಥ ಸಣ್ಣ ನಡುಕ ಬಂದರೆ ಬೇರಿಂಗ್ ಕೆಟ್ಟಿದೆ. ಹಳೆಯ ಮೆಕ್ಯಾನಿಕ್‌ಗಳು ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಆಕ್ಸಲ್ ನಟ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕೇಳುತ್ತಾರೆ. ಲೋಹದ ಮೂಲಕ ಶಬ್ದ ಚೆನ್ನಾಗಿ ಹರಿದು ಬರುತ್ತದೆ. ತಿರುಗುವ ಭಾಗಕ್ಕೆ ಸ್ಕ್ರೂಡ್ರೈವರ್ ತಾಗದಂತೆ ನೋಡಿಕೊಂಡರೆ ಆಯಿತು.

ಇಷ್ಟಾದರೂ ಗೊತ್ತಾಗದಿದ್ದರೆ ಚಕ್ರ ಬಿಚ್ಚಬೇಕು. ಬೇರಿಂಗ್‌ನ ಒಳಬಳೆಗೆ ಬೆರಳು ಹಾಕಿ ನಿಧಾನ ತಿರುಗಿಸಿ. ನುಣ್ಣಗೆ, ಎಲ್ಲೂ ತಡೆಯದೆ ತಿರುಗಬೇಕು. ಕರಕರ ಅಂದರೆ, ಒಂದೊಂದು ಕಡೆ ಸಿಕ್ಕಿಕೊಂಡು ಬಿಟ್ಟಂತಾದರೆ ಅದರ ಆಯುಸ್ಸು ಮುಗಿದಿದೆ. ಸೀಲ್ ಸುತ್ತ ಕಂದು ಬಣ್ಣದ ತುಕ್ಕಿನ ಗೆರೆ ಇಳಿದಿದ್ದರೆ ಒಳಗೆ ನೀರು ಹೋಗಿದೆ ಅಂತಲೇ ಅರ್ಥ. ಸೀಲ್ ಎತ್ತಿ ಹೊಸ ಗ್ರೀಸ್ ತುಂಬಿ ಮತ್ತೆ ಹಾಕುವವರಿದ್ದಾರೆ. ತುಕ್ಕು ಹಿಡಿದ ದಾರಿ ಗ್ರೀಸಿನಿಂದ ಸರಿಹೋಗುವುದಿಲ್ಲ. ಶಬ್ದ ಸ್ವಲ್ಪ ದಿನ ಅಡಗುತ್ತದೆ ಅಷ್ಟೇ. ಅದು ಶಬ್ದ ಬರುವುದಕ್ಕಿಂತಲೂ ಅಪಾಯ.

ಬೇರಿಂಗ್ ಅಲ್ಲದಿದ್ದರೆ?

ಟಯರ್‌ನಿಂದ ಶುರುಮಾಡೋಣ. ನಮ್ಮ ಊರಿನ ಓಡಾಟದಲ್ಲಿ ಗಾಡಿ ಹೆಚ್ಚು ಹೊತ್ತು ನೆಟ್ಟಗೇ ಇರುತ್ತದೆ. ಹಾಗಾಗಿ ಟಯರ್‌ನ ನಡುಭಾಗ ಸವೆದು ಚಪ್ಪಟೆಯಾಗುತ್ತದೆ, ಎರಡೂ ಪಕ್ಕ ಒಂದು ಅಂಚು ಏಳುತ್ತದೆ. ವಾಲಿಸಿದಾಗ ಚಕ್ರ ಆ ಅಂಚನ್ನು ಹತ್ತಿ ಇಳಿಯುತ್ತದೆ. ಗುಂಯ್ ಅನ್ನುವ ಸದ್ದು, ಗಾಡಿ ಸಟ್ಟಂತ ವಾಲಿದ ಅನುಭವ ಎರಡೂ ಆಗುತ್ತದೆ. ಟಯರ್ ಮೇಲೆ ಅಂಗೈ ಸವರಿದರೆ ತಿಳಿಯುತ್ತದೆ. ಒಂದು ದಿಕ್ಕಿನಲ್ಲಿ ಸವರಿದಾಗ ನುಣುಪು, ಎದುರು ದಿಕ್ಕಿನಲ್ಲಿ ಗರಗಸದ ಹಾಗೆ ಚೂಪು ಅನ್ನಿಸಿದರೆ ಗುಬುಟುಗಳು ಓರೆಯಾಗಿ ಸವೆದಿವೆ. ಕಡಿಮೆ ಗಾಳಿ, ಸುಸ್ತಾದ ಶಾಕಬ್ಸರ್ ಇದಕ್ಕೆ ಸಾಮಾನ್ಯ ಕಾರಣ. ಪಕ್ಕದಲ್ಲಿರುವ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇದೆಯಾ ಅಂತಲೂ ನೋಡಿ. ಅಲ್ಲೇ ನಾಲ್ಕು ಅಂಕಿಯ ತಯಾರಿಕೆ ಗುರುತು ಇರುತ್ತದೆ. 2321 ಅಂದರೆ 2021ರ 23ನೇ ವಾರ. ಹಳೆಯದಾದಂತೆ ರಬ್ಬರ್ ಗಟ್ಟಿಯಾಗುತ್ತದೆ, ಸದ್ದೂ ಜಾಸ್ತಿ, ಹಿಡಿತವೂ ಕಡಿಮೆ.

ಬ್ರೇಕ್. ಡಿಸ್ಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರುತ್ತಿರಬೇಕು. ಮಳೆಗಾಲದ ಕೆಸರು ಕೂತು ಪಿನ್ ಗಟ್ಟಿಯಾದರೆ ಒಂದು ಪ್ಯಾಡ್ ಸದಾ ಉಜ್ಜುತ್ತದೆ. ಚಕ್ರ ಕೈಯಲ್ಲಿ ತಿರುಗಿಸಿದರೆ ಬೇಗ ನಿಂತುಬಿಡುತ್ತದೆ. ಇಲ್ಲಿ ಒಂದು ವಿಷಯ ಗಮನಿಸಿ. ಬೇರಿಂಗ್‌ನಲ್ಲಿ ಆಟ ಬಂದರೆ ವಾಲಿಸಿದಾಗ ಡಿಸ್ಕ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಪ್ಯಾಡಿಗೆ ಉಜ್ಜುತ್ತದೆ. ಕೇಳುವುದು ಬ್ರೇಕಿನ ಕಿರ್ ಶಬ್ದ, ದೋಷ ಬೇರಿಂಗ್‌ನದು. ಹೊಸ ಪ್ಯಾಡ್ ಹಾಕಿಸಿದರೂ ಶಬ್ದ ಹೋಗಲಿಲ್ಲ ಅನ್ನುವವರ ಗಾಡಿಯಲ್ಲಿ ಮೊದಲು ಇದನ್ನು ನೋಡಬೇಕು. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಡಿಸ್ಕ್ ಪಕ್ಕ ಕಿಂಡಿಗಳಿರುವ ಒಂದು ಬಳೆ ಇರುತ್ತದೆ. ಚಕ್ರ ಬಿಚ್ಚುವಾಗ ಅದು ಬೆಂಡಾದರೂ ಸೆನ್ಸರ್‌ಗೆ ತಾಗಿ ಸದ್ದು ಬರುತ್ತದೆ.

ಆಕ್ಸಿಲರೇಟರ್ ಬಿಟ್ಟು ಹಿಡಿದಾಗ ಮಾತ್ರ ಹಿಂದಿನಿಂದ 'ಟಕ್' ಬಂದರೆ ಸ್ಪ್ರಾಕೆಟ್ ಡ್ರಮ್‌ನ ರಬ್ಬರ್‌ಗಳು ಸವೆದಿರಬಹುದು, ಅಥವಾ ಅಲ್ಲಿನ ಮೂರನೇ ಬೇರಿಂಗ್. ದೊಡ್ಡ ಸ್ಪ್ರಾಕೆಟನ್ನು ಕೈಯಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದರೆ ತಿಳಿಯುತ್ತದೆ.

ಹ್ಯಾಂಡಲ್ ತಿರುಗಿಸಿದಾಗ ಅಥವಾ ಬ್ರೇಕ್ ಹಿಡಿದಾಗ ಮುಂದೆ 'ಕಟ್' ಅಂದರೆ ಕೋನ್‌ಸೆಟ್ ನೋಡಿಸಿ. ಹ್ಯಾಂಡಲ್ ತಿರುಗಲು ಫೋರ್ಕಿನ ಮೇಲೆ ಇರುವ ಬೇರಿಂಗ್ ಅದು. ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ತಳ್ಳಿ ನೋಡಿ, ಸಡಿಲ ಇದ್ದರೆ ಕೈಗೆ ಬಡಿಯುತ್ತದೆ. ಚಕ್ರ ಮೇಲೆತ್ತಿ ಹ್ಯಾಂಡಲ್ ನಿಧಾನ ಆಡಿಸಿದಾಗ ನೇರಕ್ಕೆ ಬಂದ ಕಡೆ ಸಿಕ್ಕಿಕೊಂಡಂತಾದರೆ ಅಲ್ಲಿ ತಗ್ಗು ಬಿದ್ದಿದೆ.

ಸ್ಪೋಕ್ ಚಕ್ರವಾದರೆ ಚಿಕ್ಕ ಸ್ಪ್ಯಾನರ್‌ನಿಂದ ಒಂದೊಂದೇ ಕಡ್ಡಿ ತಟ್ಟುತ್ತಾ ಬನ್ನಿ. ಬಿಗಿಯಾದ ಕಡ್ಡಿ ಟಿಣ್ ಅನ್ನುತ್ತದೆ, ಸಡಿಲವಾದದ್ದು ತಟ್ ಅಂತ ಸತ್ತ ಸದ್ದು ಕೊಡುತ್ತದೆ. ಅಲಾಯ್ ಆದರೆ ರಿಮ್ ಅಂಚಿನಲ್ಲಿ ಬಿರುಕು ಹುಡುಕಿ.

ಬರೀ ತಾಗುವ ವಸ್ತುಗಳೂ ಇವೆ. ಸಡಿಲವಾದ ಸೀರೆ ಗಾರ್ಡ್, ಮಡ್‌ಗಾರ್ಡ್ ತುದಿ, ನಂಬರ್ ಪ್ಲೇಟ್, ಕೆಳಕ್ಕೆ ಜೋತುಬಿದ್ದ ಮೇನ್ ಸ್ಟ್ಯಾಂಡ್. ತಾಗಿದ ಕಡೆ ಬಣ್ಣ ಉಜ್ಜಿ ಹೊಳೆಯುತ್ತಿರುತ್ತದೆ.

ಪಂಕ್ಚರ್ ಹಾಕಿಸಿದ ಮೇಲೆ ಶುರುವಾಯಿತಾ?

ಈ ಪ್ರಶ್ನೆ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು. ಚಕ್ರ ಬಿಚ್ಚಿ ಹಾಕಿದ ಮಾರನೇ ದಿನದಿಂದ ಶಬ್ದ ಬರುತ್ತಿದ್ದರೆ ಕಾರಣ ಬಹುಪಾಲು ಅಲ್ಲೇ ಇರುತ್ತದೆ. ಹೊರಗಿನ ಸಣ್ಣ ಬುಷ್ ಎಡಬಲ ಅದಲುಬದಲಾಗಿರಬಹುದು. ಮುಂದಿನ ಚಕ್ರದಲ್ಲಿ ಮೀಟರ್ ಕೇಬಲ್‌ನ ಪಿನಿಯನ್ (ಸಣ್ಣ ಗೇರ್) ತನ್ನ ಜಾಗದಲ್ಲಿ ಸರಿಯಾಗಿ ಕೂರದೆ ಅರೆಯುತ್ತಿರಬಹುದು. ಚೈನ್ ಹೊಂದಿಸುವ ಗುರುತು ಎರಡೂ ಬದಿ ಒಂದೇ ಗೆರೆಯಲ್ಲಿಲ್ಲದೆ ಚಕ್ರ ಓರೆಯಾಗಿ ಕೂತಿರಬಹುದು.

ಹಿಂದೆ ಡ್ರಮ್ ಬ್ರೇಕ್ ಇದ್ದರೆ ಇನ್ನೊಂದನ್ನು ಕಡ್ಡಾಯವಾಗಿ ನೋಡಿ. ಬ್ರೇಕ್ ಪ್ಲೇಟಿನಿಂದ ಸ್ವಿಂಗ್ ಆರ್ಮಿಗೆ ಒಂದು ಪಟ್ಟಿ ಅಥವಾ ಸರಳು ಇರುತ್ತದೆ. ಬ್ರೇಕ್ ಒತ್ತಿದಾಗ ಪ್ಲೇಟು ಚಕ್ರದ ಜೊತೆ ಸುತ್ತಿಹೋಗದಂತೆ ಹಿಡಿಯುವುದು ಅದೊಂದೇ. ಅದರ ನಟ್ ಹಾಕಲು ಮರೆತಿದ್ದರೆ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಗಾಡಿ ಬೀಳಬಹುದು. ಅಂಗಡಿಯಿಂದ ಹೊರಡುವ ಮುಂಚೆ ಎರಡು ನಿಮಿಷ ಬಗ್ಗಿ ನೋಡಿದರೆ ಸಾಕು.

ಓಡಿಸುವುದನ್ನು ಯಾವಾಗ ನಿಲ್ಲಿಸಬೇಕು?

ಟಯರ್ ಗುಂಯ್‌ಗುಟ್ಟುವುದಕ್ಕೆ ಒಂದೆರಡು ದಿನ ಸಮಯ ಇದೆ. ಕೆಲವಕ್ಕೆ ಇಲ್ಲ. ಚಕ್ರ ಕೈಗೆ ಅಲ್ಲಾಡಿದರೆ, ತಿರುವಿನಲ್ಲಿ ಹಿಂಭಾಗ ತೂರಾಡಿದಂತೆ ಅನ್ನಿಸಿದರೆ, ಗೊರ್ ಶಬ್ದ ದಿನದಿಂದ ದಿನಕ್ಕೆ ಏರುತ್ತಿದ್ದರೆ ಮುಂದಕ್ಕೆ ಹಾಕಬೇಡಿ. ಹೆಚ್ಚು ಬ್ರೇಕ್ ಬಳಸದೆ ಓಡಿಸಿ ನಿಂತಾಗ ಒಂದು ಹಬ್ ಇನ್ನೊಂದಕ್ಕಿಂತ ತುಂಬಾ ಬಿಸಿ ಇದ್ದರೂ ಅಷ್ಟೇ. ಹಬ್ ಮುಟ್ಟುವಾಗ ಡಿಸ್ಕಿಗೆ ಕೈ ತಾಗಿಸಬೇಡಿ, ಸುಡುತ್ತದೆ. ಬೇರಿಂಗ್ ಪೂರ್ತಿ ಒಡೆದರೆ ಚಕ್ರ ಓರೆಯಾಗುತ್ತದೆ, ಚೈನ್ ಕಳಚಬಹುದು, ಕೊನೆಗೆ ಚಕ್ರ ಜಾಮ್ ಆಗಬಹುದು. ಹೊರಬಳೆ ಹಬ್‌ನೊಳಗೇ ಸುತ್ತಲು ಶುರುವಾದರೆ ಬೇರಿಂಗ್ ಕೂರುವ ಜಾಗವೇ ಅಗಲವಾಗುತ್ತದೆ. ಕೆಲವು ನೂರು ರೂಪಾಯಿಯ ಬೇರಿಂಗ್‌ನಲ್ಲಿ ಮುಗಿಯುತ್ತಿದ್ದದ್ದು ಲೇತ್ ಕೆಲಸಕ್ಕೋ ಹೊಸ ಚಕ್ರಕ್ಕೋ ಹೋಗುತ್ತದೆ.

ಗ್ಯಾರೇಜಿನಲ್ಲಿ ಏನು ಹೇಳಬೇಕು, ಏನು ನೋಡಬೇಕು

"ಏನೋ ಸೌಂಡ್ ಬರ್ತಿದೆ" ಅಂದರೆ ಮೆಕ್ಯಾನಿಕ್‌ಗೆ ಏನೂ ಸಿಗುವುದಿಲ್ಲ. "ಅಣ್ಣ, ಎಡಕ್ಕೆ ತಿರುಗಿದಾಗ ಮಾತ್ರ ಬರುತ್ತೆ, ಸ್ಪೀಡ್ 30ರ ಮೇಲೆ ಹೋದರೆ ಜಾಸ್ತಿ, ಕ್ಲಚ್ ಹಿಡಿದರೂ ಇರುತ್ತೆ, ಬ್ರೇಕ್ ಮುಟ್ಟಿದರೆ ಬದಲಾಗಲ್ಲ, ಹೋದ ತಿಂಗಳು ನೀರಲ್ಲಿ ಓಡಿಸಿದ್ದೆ" ಅನ್ನಿ. "ಹಂಗಾದ್ರೆ ಬೇರಿಂಗೇ ಮೊದಲು ನೋಡ್ತೀನಿ ಸಾರ್" ಅನ್ನುವ ಉತ್ತರ ಬರುತ್ತದೆ. ಅವರೇ ಒಂದು ಸುತ್ತು ಓಡಿಸಿ ಬರಲಿ.

ಬೇರಿಂಗ್ ಬದಲಾಯಿಸುವುದಾದರೆ ಒಂದು ಹಬ್‌ನ ಎರಡನ್ನೂ ಒಟ್ಟಿಗೆ ಬದಲಾಯಿಸಿ. ಎರಡೂ ಅದೇ ನೀರು, ಅದೇ ಗುಂಡಿ ನೋಡಿರುತ್ತವೆ. ಹಳೆಯದರ ಮೇಲಿನ ನಂಬರ್ ಬರೆದುಕೊಳ್ಳಿ, ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನೇ ಕೇಳಿ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಎಲ್ಲ ಅಳತೆಯವೂ ಸಿಗುತ್ತವೆ. ಹೆಸರಾಂತ ಕಂಪನಿಗಳ ಹೆಸರಿನಲ್ಲಿ ನಕಲಿ ಬೇರಿಂಗ್‌ಗಳೂ ಬರುವುದರಿಂದ ಬಿಲ್ ಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ.

ಹೊಸದನ್ನು ಕೂರಿಸುವಾಗ ಪೆಟ್ಟು ಹೊರಬಳೆಯ ಮೇಲೆ ಮಾತ್ರ ಬೀಳಬೇಕು. ಒಳಬಳೆಗೆ ಹೊಡೆದರೆ ಆ ಪೆಟ್ಟು ಬಾಲ್‌ಗಳ ಮೂಲಕ ಹೋಗಿ ಹೊಸ ಬೇರಿಂಗ್ ಹಾಕುವಾಗಲೇ ಹಾಳಾಗುತ್ತದೆ. ಹೊರಬಳೆಯಷ್ಟೇ ಅಗಲದ ಸಾಕೆಟ್ ಇಟ್ಟು ಹೊಡೆಯುವುದೋ, ಪ್ರೆಸ್ ಮಾಡುವುದೋ ಸರಿಯಾದ ಕ್ರಮ. ಆ ಸ್ಪೇಸರ್ ಕೊಳವೆ ಎರಡು ಬೇರಿಂಗ್‌ಗಳ ನಡುವೆ ವಾಪಸ್ ಹೋಯಿತಾ ಅಂತ ಕಣ್ಣಾರೆ ನೋಡಿ. ಅದು ಬಿಟ್ಟುಹೋದರೆ ಆಕ್ಸಲ್ ಬಿಗಿ ಮಾಡಿದಷ್ಟೂ ಬೇರಿಂಗ್ ಪಕ್ಕದಿಂದ ಹಿಂಡಿ, ಬೇಗ ಬಿಸಿಯಾಗಿ ಹೋಗುತ್ತದೆ. ಆಕ್ಸಲ್ ನಟ್ಟನ್ನು ಗಾಡಿಯ ಪುಸ್ತಕದಲ್ಲಿರುವ ಅಳತೆಗೆ ಟಾರ್ಕ್ ಸ್ಪ್ಯಾನರ್‌ನಿಂದ ಬಿಗಿ ಮಾಡಿಸಿ. ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಇರುವ ಗಾಡಿಯಾದರೆ ಹೊಸ ಪಿನ್ ಹಾಕಿಸಿ.

ಅಲ್ಲಿಂದ ಹೊರಟು ಮೊದಲು ಶಬ್ದ ಬರುತ್ತಿದ್ದ ಅದೇ ತಿರುವಿಗೆ, ಅದೇ ವೇಗದಲ್ಲಿ ಹೋಗಿ ಕೇಳಿ. ಒಂದು ವಾರ ಓಡಿಸಿದ ಮೇಲೆ ಆಕ್ಸಲ್ ನಟ್, ಚೈನ್ ಸಡಿಲ, ಚಕ್ರದ ಆಟ ಈ ಮೂರನ್ನೂ ಮತ್ತೊಮ್ಮೆ ನೋಡಿಸಿ.